ನೀರೊಲ್ಲದ ಅಣು

“ಅವರಿಗೆ ಕೊಲೆಸ್ಟ್ರಾಲ್ ಇದೆಯಂತೆ.” ಶುಗರ್ ಇದೆ, ಬಿಪಿ ಇದೆ ಎನ್ನುವ ಹಾಗೆಯೇ ಈ ಮಾತೂ ನಮ್ಮ ಮನೆಗಳಲ್ಲಿ ಬಳಕೆಗೆ ಬಂದುಬಿಟ್ಟಿದೆ. ಕೇಳಿದವರು ಮೊದಲು ತಟ್ಟೆಯಿಂದ ತುಪ್ಪ ತೆಗೆಸುತ್ತಾರೆ, ಆಮೇಲೆ ಮೊಟ್ಟೆಯ ಹಳದಿ. ಹೆದರುವುದಕ್ಕೆ ಕಾರಣವೇ ಇಲ್ಲ ಎಂದು ನಾನು ಹೇಳಲಾರೆ. ಆದರೆ ಈ ಮಾತು ಕಟ್ಟಿಕೊಡುವ ಚಿತ್ರ ಮಾತ್ರ ತಪ್ಪು. ಎಲ್ಲಿಂದಲೋ ಬಂದು ರಕ್ತದಲ್ಲಿ ಸೇರಿಕೊಂಡ ಕಸ ಎಂಬಂತೆ ನಾವು ಅದನ್ನು ನೋಡುತ್ತೇವೆ. ಕೊಲೆಸ್ಟ್ರಾಲ್ ಇಲ್ಲದ ಮನುಷ್ಯ ಇಲ್ಲವೇ ಇಲ್ಲ.

ವಯಸ್ಕರ ದೇಹದಲ್ಲಿ ನೂರು ಗ್ರಾಂಗೂ ಹೆಚ್ಚು ಕೊಲೆಸ್ಟ್ರಾಲ್ ಇರುತ್ತದೆ. ಪ್ರಯೋಗಾಲಯದವರು ಅಳೆದು ಕಾಗದದ ಮೇಲೆ ಬರೆದುಕೊಡುವುದು ಅದರ ಸಣ್ಣದೊಂದು ಪಾಲನ್ನು. ನೀವೇ ಲೆಕ್ಕ ಹಾಕಿ ನೋಡಿ: ವರದಿಯಲ್ಲಿ ಡೆಸಿಲೀಟರಿಗೆ 200 ಮಿಲಿಗ್ರಾಂ ಎಂದಿದೆ ಅಂದುಕೊಳ್ಳಿ. ರಕ್ತಕಣಗಳನ್ನು ಬಿಟ್ಟರೆ ಉಳಿಯುವ ಪ್ಲಾಸ್ಮಾ ಸುಮಾರು 3 ಲೀಟರ್, ಅಂದರೆ 30 ಡೆಸಿಲೀಟರ್. ಒಟ್ಟು 6 ಗ್ರಾಂ. ಒಂದು ಟೀ ಚಮಚ ಸಕ್ಕರೆಯ ತೂಕಕ್ಕಿಂತ ತುಸು ಹೆಚ್ಚು, ಅಷ್ಟೇ. ಮಿಕ್ಕದ್ದರಲ್ಲಿ ಬಹುಪಾಲು ಕೋಶಗಳ ಪೊರೆಗಳಲ್ಲಿ ಕೂತು ಕೆಲಸ ಮಾಡುತ್ತಿದೆ. ಮಿದುಳು ದೇಹದ ತೂಕದಲ್ಲಿ ಶೇಕಡಾ 2ರಷ್ಟು ಮಾತ್ರ. ದೇಹದ ಕೊಲೆಸ್ಟ್ರಾಲ್‌ನಲ್ಲಿ ಅದರ ಪಾಲು ಶೇಕಡಾ 20ನ್ನು ಮೀರುತ್ತದೆ. ನರತಂತುಗಳಿಗೆ ಸುತ್ತಿದ ಮೈಲಿನ್ ಹೊದಿಕೆಗೆ ಅದು ಬೇಕೇ ಬೇಕು. ರಕ್ತದ ಕೊಲೆಸ್ಟ್ರಾಲ್ ಮಿದುಳಿನೊಳಕ್ಕೆ ದಾಟಲಾರದ್ದರಿಂದ ಮಿದುಳು ತನಗೆ ಬೇಕಾದದ್ದನ್ನು ತಾನೇ ತಯಾರಿಸಿಕೊಳ್ಳುತ್ತದೆ.

ಅದು ಸಾಲದೆ ಹೋದರೆ ಏನಾಗುತ್ತದೆ ಎನ್ನುವುದಕ್ಕೂ ಉದಾಹರಣೆ ಇದೆ. ಕೊಲೆಸ್ಟ್ರಾಲ್ ತಯಾರಿಕೆಯ ಕೊನೆಯ ಮೆಟ್ಟಿಲಿನ ಒಂದು ಕಿಣ್ವ ಹುಟ್ಟಿನಿಂದಲೇ ಕೆಟ್ಟಿರುವ ಮಕ್ಕಳಿದ್ದಾರೆ. ಸ್ಮಿತ್–ಲೆಮ್ಲಿ–ಒಪಿಟ್ಜ್ ಎಂದು ಆ ಕಾಯಿಲೆಯ ಹೆಸರು. ತಲೆ ಚಿಕ್ಕದಾಗಿ, ಅಂಗುಳು ಸೀಳಿ, ಕಾಲಿನ ಎರಡನೆಯ ಮತ್ತು ಮೂರನೆಯ ಬೆರಳುಗಳು ಅಂಟಿಕೊಂಡು ಅವರು ಹುಟ್ಟುತ್ತಾರೆ. ಬುದ್ಧಿ ಬೆಳೆಯಲು ಕಷ್ಟಪಡುತ್ತದೆ. ಗರ್ಭದಲ್ಲಿ ಅಂಗಾಂಗಗಳು ರೂಪುಗೊಳ್ಳುವ ಹೊತ್ತಿಗೆ ಈ ಅಣು ಸಾಕಷ್ಟು ಸಿಗಲಿಲ್ಲ ಎನ್ನುವುದೇ ಇದಕ್ಕೆ ಮುಖ್ಯ ಕಾರಣ.

ಹಾಗಾದರೆ ಇಷ್ಟು ಬೇಕಾದ ವಸ್ತು ಹೃದಯಕ್ಕೆ ಕಂಟಕವಾಗುವುದು ಹೇಗೆ? ಉತ್ತರ ಅದರ ಒಂದೇ ಒಂದು ಸ್ವಭಾವದಲ್ಲಿದೆ. ಅದಕ್ಕೆ ನೀರು ಒಗ್ಗುವುದಿಲ್ಲ. ಒಂದು ಲೀಟರ್ ಶುದ್ಧ ನೀರಿನಲ್ಲಿ 2 ಮಿಲಿಗ್ರಾಂ ಕೂಡ ಕರಗದು. ನಮ್ಮ ದೇಹವೋ ನೀರೇ ತುಂಬಿದ ಮನೆ. ಇಂಥ ಮನೆಯಲ್ಲಿ ಇಂಥ ಅಣುವಿಗೆ ತಕ್ಕ ಜಾಗ ಒದಗಿಸುವುದು, ಒಂದು ಜಾಗದಿಂದ ಇನ್ನೊಂದಕ್ಕೆ ಜೋಪಾನವಾಗಿ ಸಾಗಿಸುವುದು — ಕೊಲೆಸ್ಟ್ರಾಲ್ ಕಥೆಯೆಂದರೆ ಇದೇ. ಎಲ್ಲಿ ಕೂತಿದೆ ಎನ್ನುವುದರ ಮೇಲೆ ಅದರ ಗುಣ ದೋಷ ನಿಂತಿದೆ.

ತಪ್ಪು ಜಾಗದಲ್ಲಿ ಅದು ಕಲ್ಲಾಗುತ್ತದೆ. ಇದು ಅಲಂಕಾರದ ಮಾತಲ್ಲ. ಪಿತ್ತಕೋಶದಿಂದ ತೆಗೆದ ಕಲ್ಲೊಂದನ್ನು ಅಡ್ಡಲಾಗಿ ಕತ್ತರಿಸಿ ಬೆಳಕಿಗೆ ಹಿಡಿದರೆ ನಡುವಿನಿಂದ ಅಂಚಿನ ಕಡೆಗೆ ಚಕ್ರದ ಅರಗಳ ಹಾಗೆ ಹೊರಟ ಹರಳುಗಳು ಅಭ್ರಕದಂತೆ ಮಿನುಗುತ್ತವೆ. ಬಣ್ಣ ತಿಳಿಹಳದಿ, ಮುಟ್ಟಿದರೆ ಮೇಣದಂಥ ನುಣುಪು. ಹೀಗಿರುವ ಕಲ್ಲುಗಳು ಬಹುತೇಕ ಶುದ್ಧ ಕೊಲೆಸ್ಟ್ರಾಲ್. ವಿಜ್ಞಾನಕ್ಕೆ ಈ ಅಣು ಮೊದಲು ಸಿಕ್ಕಿದ್ದೂ ಇಂಥ ಕಲ್ಲುಗಳಲ್ಲೇ, ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ. 1815ರ ಸುಮಾರಿಗೆ ಮಿಷೆಲ್ ಯೂಜೀನ್ ಶೆವ್ರಲ್ ಅದಕ್ಕೆ ಹೆಸರಿಟ್ಟರು. ಗ್ರೀಕಿನಲ್ಲಿ ‘ಕೋಲೆ’ ಎಂದರೆ ಪಿತ್ತ, ‘ಸ್ಟೀರಿಯೋಸ್’ ಎಂದರೆ ಗಟ್ಟಿ. ಗಟ್ಟಿಪಿತ್ತ ಎನ್ನಬಹುದು. ಹೀಗೆ ಹೆಸರಿನಲ್ಲೇ ಅದಕ್ಕೆ ರೋಗದ ವಾಸನೆ ಅಂಟಿಕೊಂಡಿತು.

ಅದರ ರಚನೆ ಬಿಡಿಸುವುದಕ್ಕೆ ಮತ್ತೊಂದು ಶತಮಾನ ಬೇಕಾಯಿತು. 27 ಇಂಗಾಲ, 46 ಜಲಜನಕ, ಒಂದೇ ಒಂದು ಆಮ್ಲಜನಕ. ಜರ್ಮನಿಯ ಹೈನ್ರಿಚ್ ವೀಲಾಂಡ್ ಮತ್ತು ಅಡಾಲ್ಫ್ ವಿಂಡಾಸ್ ಇವು ಹೇಗೆ ಜೋಡಿಸಿಕೊಂಡಿವೆ ಎಂದು ವರ್ಷಗಟ್ಟಲೆ ಶ್ರಮಿಸಿದರು. ಇಬ್ಬರಿಗೂ 1927 ಮತ್ತು 1928ರ ರಸಾಯನಶಾಸ್ತ್ರದ ನೊಬೆಲ್ ಬಂತು. ಆದರೆ ಅವರು ಬರೆದಿದ್ದ ರಚನೆಯಲ್ಲಿ ತಪ್ಪಿತ್ತು. 1932ರಲ್ಲಿ ಇಂಗ್ಲೆಂಡಿನ ಜೆ. ಡಿ. ಬರ್ನಾಲ್ ಈ ಜಾತಿಯ ಹರಳುಗಳ ಮೇಲೆ ಎಕ್ಸ್-ಕಿರಣ ಹಾಯಿಸಿ ನೋಡಿದಾಗ ಅಣು ಚಪ್ಪಟೆ, ಉದ್ದ ಎಂದು ತಿಳಿಯಿತು. ಹಳೆಯ ಚಿತ್ರ ಅದಕ್ಕೆ ಹೊಂದಲಿಲ್ಲ. ಅದೇ ವರ್ಷ ಸರಿಯಾದ ರಚನೆ ಬಂತು, ವೀಲಾಂಡ್ ಕೂಡ ತಮ್ಮದನ್ನು ತಿದ್ದಿಕೊಂಡರು. ನೊಬೆಲ್ ಬಂದ ಮೇಲೂ ತಿದ್ದಿಕೊಳ್ಳುವ ಆ ಮನಸ್ಸಿನ ಬಗ್ಗೆ ನನಗೆ ದೊಡ್ಡ ಗೌರವವಿದೆ.

ಅಣುವಿನ ಆಕಾರ ಮನಸ್ಸಿನಲ್ಲಿ ನಿಂತರೆ ಮುಂದಿನದೆಲ್ಲ ಸುಲಭ. ಒಂದಕ್ಕೊಂದು ಬೆಸೆದ ನಾಲ್ಕು ಉಂಗುರಗಳು, ಹಲಗೆಯ ಹಾಗೆ ಬಗ್ಗದವು. ಹಲಗೆಯ ಒಂದು ತುದಿಗೆ ಆಮ್ಲಜನಕ–ಜಲಜನಕದ ಪುಟ್ಟ ಗುಂಪು. ನೀರಿನ ಜೊತೆ ಸಂಬಂಧ ಇಟ್ಟುಕೊಳ್ಳುವುದು ಅದೊಂದೇ. ಇನ್ನೊಂದು ತುದಿಗೆ ಅಳ್ಳಾಡುವ ಮೋಟು ಬಾಲ. ಒಟ್ಟು ಉದ್ದ 2 ನ್ಯಾನೋಮೀಟರ್ ಒಳಗೆ. ಈ ಉದ್ದ ಕೋಶಪೊರೆಯ ಅರ್ಧ ದಪ್ಪಕ್ಕೆ ಸರಿಯಾಗಿ ಹೊಂದುತ್ತದೆ.

ಕೋಶಪೊರೆಯ ಮುಖ್ಯ ಸಾಮಗ್ರಿ ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಅಣು. ಅದಕ್ಕೆ ನೀರನ್ನು ಬಯಸುವ ಒಂದು ತಲೆ, ನೀರನ್ನು ಒಲ್ಲದ ಎರಡು ಬಾಲ. ಇಂಥ ಕೋಟಿ ಕೋಟಿ ಅಣುಗಳು ಎರಡು ಪದರಗಳಾಗಿ ನಿಲ್ಲುತ್ತವೆ: ತಲೆಗಳು ಹೊರಮೈಗಳ ಕಡೆಗೆ, ಬಾಲಗಳು ಒಳಗೆ ಒಂದಕ್ಕೊಂದು ಎದುರಾಗಿ. ಇಷ್ಟಾದರೂ ಪೊರೆಯ ದಪ್ಪ 4–5 ನ್ಯಾನೋಮೀಟರ್. ಇದು ಗೋಡೆಯ ಹಾಗೆ ನಿಂತಲ್ಲೇ ನಿಂತಿರುವುದಿಲ್ಲ. ಒಂದೊಂದು ಅಣುವೂ ಪದರದೊಳಗೆ ಅತ್ತಿತ್ತ ಜಾರುತ್ತಲೇ ಇರುತ್ತದೆ. ಸೆಕೆಂಡಿಗೆ ಒಂದೆರಡು ಮೈಕ್ರೋಮೀಟರ್ ಸಾಗಬಲ್ಲದು.

ಇಲ್ಲಿ ಒಂದು ತೊಡಕಿದೆ. ಮಾಘದ ಚಳಿಯಲ್ಲಿ ಅಡುಗೆಮನೆಯ ತುಪ್ಪದ ಡಬ್ಬಿ ನೋಡಿ. ಮಧ್ಯಾಹ್ನ ಜಾರುತ್ತಿದ್ದ ತುಪ್ಪ ಬೆಳಗಿನ ಜಾವಕ್ಕೆ ಮರಳುಮರಳಾಗಿ ಹೆಪ್ಪುಗಟ್ಟಿರುತ್ತದೆ. ಪಕ್ಕದ ಕಡಲೆಕಾಯಿ ಎಣ್ಣೆ ಮಾತ್ರ ಹರಿಯುತ್ತಲೇ ಇರುತ್ತದೆ. ತುಪ್ಪದ ಕೊಬ್ಬಿನಾಮ್ಲಗಳಲ್ಲಿ ಹೆಚ್ಚಿನವು ನೇರ, ಸೌದೆ ಹೊರೆಯ ಹಾಗೆ ಒತ್ತೊತ್ತಾಗಿ ಜೋಡಿಸಿಕೊಳ್ಳುತ್ತವೆ. ಎಣ್ಣೆಯವು ನಡುವೆ ಸೊಟ್ಟಗಿರುವುದರಿಂದ ಹತ್ತಿರ ಸೇರಲಾರವು. ಕೋಶಪೊರೆಯಲ್ಲಿ ಎರಡು ಬಗೆಯ ಬಾಲಗಳೂ ಇವೆ. ಪೂರ್ತಿ ತುಪ್ಪದಂತಾದರೆ ಅದು ಹೆಪ್ಪುಗಟ್ಟಿ ಒಳಗಿನ ಪ್ರೋಟೀನುಗಳು ಅಲುಗಲಾರವು. ಪೂರ್ತಿ ಎಣ್ಣೆಯಂತಾದರೆ ಸೋರುತ್ತದೆ. ಜೀವಕ್ಕೆ ಬೇಕಾದದ್ದು ಒತ್ತಾಗಿಯೂ ಇರುವ, ಜಾರುತ್ತಲೂ ಇರುವ ಹದ.

ಆ ಹದವನ್ನು ಕೊಡುವುದು ಕೊಲೆಸ್ಟ್ರಾಲ್. ಅದು ಫಾಸ್ಫೋಲಿಪಿಡ್‌ಗಳ ನಡುವೆ ನೆಟ್ಟಗೆ ನಿಲ್ಲುತ್ತದೆ. ನೀರಿನ ಸಂಬಂಧವಿರುವ ತುದಿ ತಲೆಗಳ ಮಟ್ಟದಲ್ಲಿ, ಗಟ್ಟಿ ಹಲಗೆ ಬಾಲಗಳ ಮೇಲಿನ ಅರ್ಧಕ್ಕೆ ತಗುಲಿಕೊಂಡು, ಮೋಟು ಬಾಲ ಪೊರೆಯ ನಟ್ಟನಡುವೆ. ಹಲಗೆ ಪಕ್ಕದಲ್ಲಿದ್ದಾಗ ಅಡ್ಡಾದಿಡ್ಡಿ ಬಳುಕುವ ಬಾಲಗಳು ನೆಟ್ಟಗಾಗುತ್ತವೆ. ಪೊರೆ ಒತ್ತಾಗುತ್ತದೆ, ತುಸು ದಪ್ಪಗಾಗುತ್ತದೆ, ಉಪ್ಪು ಸಕ್ಕರೆಗಳ ಸಣ್ಣ ಕಣಗಳು ನುಸುಳುವುದು ಕಡಿಮೆಯಾಗುತ್ತದೆ. ನೇರ ಬಾಲಗಳು ಒಂದಕ್ಕೊಂದು ಅಂಟಿ ಹರಳಾಗಲು ಹೊರಟಾಗಲೂ ಇದೇ ಹಲಗೆ ನಡುವೆ ನಿಂತು ತಡೆಯುತ್ತದೆ. ಬಿಸಿಯಲ್ಲಿ ಬಿಗಿ, ಚಳಿಯಲ್ಲಿ ಸಡಿಲ. ಎರಡು ವಿರುದ್ಧ ಕೆಲಸಗಳನ್ನು ಒಂದೇ ಆಕಾರದಿಂದ ಮಾಡುವ ಇಂಥ ಇನ್ನೊಂದು ಅಣುವನ್ನು ನೆನಪಿಸಿಕೊಳ್ಳುವುದು ನನಗೆ ಕಷ್ಟ.

ಇದನ್ನು ಕೆಂಪು ರಕ್ತಕಣದಲ್ಲಿ ಕಣ್ಣಾರೆ ನೋಡಬಹುದು. ಅದರ ಪೊರೆಯಲ್ಲಿ ಹೆಚ್ಚುಕಡಿಮೆ ಒಂದು ಫಾಸ್ಫೋಲಿಪಿಡ್ ಅಣುವಿಗೆ ಒಂದು ಕೊಲೆಸ್ಟ್ರಾಲ್ ಅಣು ಇದೆ. ಏಳೆಂಟು ಮೈಕ್ರೋಮೀಟರ್ ಅಗಲದ ಈ ಬಿಲ್ಲೆ ತನಗಿಂತ ಸಣ್ಣ ಲೋಮನಾಳಗಳಲ್ಲಿ ಮಡಚಿಕೊಂಡು ತೂರುತ್ತದೆ, ಗುಲ್ಮದ ಕಿರುಸೀಳುಗಳಲ್ಲಿ ಇನ್ನೂ ಹಿಂಡಿಕೊಂಡು ಪಾರಾಗುತ್ತದೆ, ಹೀಗೆ ಸುಮಾರು 120 ದಿನ. ತನ್ನ ಕೊಲೆಸ್ಟ್ರಾಲನ್ನು ತಾನೇ ತಯಾರಿಸುವ ಶಕ್ತಿ ಅದಕ್ಕಿಲ್ಲ. ಪ್ಲಾಸ್ಮಾದ ಜೊತೆ ಕೊಡುಕೊಳ್ಳುವಿಕೆಯಲ್ಲೇ ಅದರ ಬದುಕು. ಯಕೃತ್ತು ತೀರ ಕೆಟ್ಟವರಲ್ಲಿ ಈ ಲೆಕ್ಕ ತಪ್ಪಿ ಕಣದ ಪೊರೆಗೆ ಕೊಲೆಸ್ಟ್ರಾಲ್ ಹೆಚ್ಚಾಗಿ ಸೇರುತ್ತದೆ. ಆಗ ಸೂಕ್ಷ್ಮದರ್ಶಕದಲ್ಲಿ ನುಣ್ಣನೆಯ ಬಿಲ್ಲೆಗಳ ಬದಲು ನೆಗ್ಗಿಲು ಮುಳ್ಳಿನಂಥ ಮೊನೆಗಳೆದ್ದ ಕಣಗಳು ಕಾಣುತ್ತವೆ. ಬಿರುಸಾದ ಅವುಗಳನ್ನು ಗುಲ್ಮ ಹಿಡಿದು ಒಡೆಯುತ್ತದೆ. ರೋಗಿಗೆ ರಕ್ತಹೀನತೆ ಬರುತ್ತದೆ.

ಎಲ್ಲ ಜೀವಿಗಳೂ ಈ ಹಲಗೆಯನ್ನೇ ಬಳಸುವುದಿಲ್ಲ. ಸಸ್ಯಗಳು ಇದರ ದಾಯಾದಿಗಳಾದ ಸಿಟೊಸ್ಟೆರಾಲ್‌ ಮುಂತಾದವನ್ನೂ ಬೂಷ್ಟುಗಳು ಎರ್ಗೋಸ್ಟೆರಾಲನ್ನೂ ಬಳಸುತ್ತವೆ. ಕೀಟಗಳದ್ದು ಇನ್ನೂ ಸ್ವಾರಸ್ಯ. ಅವಕ್ಕೆ ಕೊಲೆಸ್ಟ್ರಾಲ್ ಬೇಕು, ಆದರೆ ಮೊದಲಿನಿಂದ ತಯಾರಿಸುವ ವಿದ್ಯೆ ಗೊತ್ತಿಲ್ಲ. ರಾಮನಗರ, ಶಿಡ್ಲಘಟ್ಟದ ಕಡೆ ತಟ್ಟೆಗಳಲ್ಲಿ ಹಗಲೂರಾತ್ರಿ ಹಿಪ್ಪುನೇರಳೆ ಸೊಪ್ಪು ಮೇಯುವ ರೇಷ್ಮೆಹುಳು ಸೊಪ್ಪಿನ ಸಿಟೊಸ್ಟೆರಾಲನ್ನು ತೆಗೆದುಕೊಂಡು, ಅದರ ಬಾಲದಲ್ಲಿ ಹೆಚ್ಚಾಗಿರುವ ಎರಡು ಇಂಗಾಲಗಳನ್ನು ಕತ್ತರಿಸಿ, ಕೊಲೆಸ್ಟ್ರಾಲ್ ಮಾಡಿಕೊಳ್ಳುತ್ತದೆ. ನಮ್ಮ ಕರುಳಿಗೆ ಆ ಕೌಶಲ ಇಲ್ಲ. ಒಳಗೆ ಬಂದ ಸಸ್ಯದ ಸ್ಟೆರಾಲನ್ನು ಅದು ಗುರುತುಹಿಡಿದು ಹೆಚ್ಚುಕಡಿಮೆ ಎಲ್ಲವನ್ನೂ ಹೊರಕ್ಕೆ ತಳ್ಳಿಬಿಡುತ್ತದೆ. ಅದಕ್ಕೇ ಎಣ್ಣೆ ಪೊಟ್ಟಣದ ಮೇಲಿನ ‘ಕೊಲೆಸ್ಟ್ರಾಲ್ ರಹಿತ’ ಎಂಬ ಮಾತು ನಿಜವಾದರೂ ಅದರಿಂದ ತಿಳಿಯುವುದೇನಿಲ್ಲ. ಕಡಲೆಕಾಯಿಯಲ್ಲಾಗಲಿ ಕೊಬ್ಬರಿಯಲ್ಲಾಗಲಿ ಅದು ಲೆಕ್ಕಕ್ಕೆ ಬರುವಷ್ಟು ಎಂದೂ ಇರಲಿಲ್ಲ.

ಪೊರೆಯಲ್ಲಿ ಕೊಲೆಸ್ಟ್ರಾಲ್ ಎಲ್ಲೆಡೆ ಸಮನಾಗಿ ಹರಡಿದೆಯೇ ಎಂಬ ಪ್ರಶ್ನೆ ವಿಜ್ಞಾನಿಗಳನ್ನು ಬಹಳ ಕಾಡಿದೆ. ನೇರ ಬಾಲದ ಕೊಬ್ಬುಗಳ ಪಕ್ಕದಲ್ಲಿರಲು ಅದಕ್ಕೆ ಹೆಚ್ಚು ಇಷ್ಟ. ಅಂಥವು ಒಟ್ಟು ಸೇರಿ ಪೊರೆಯ ಮೇಲೆ ತೆಪ್ಪಗಳ ಹಾಗೆ ತೇಲುತ್ತವೆ, ಕೆಲವು ಪ್ರೋಟೀನುಗಳು ಆ ತೆಪ್ಪ ಹತ್ತಿ ಒಂದೆಡೆ ಸೇರುತ್ತವೆ ಎಂದು 1997ರಲ್ಲಿ ಕಾಯ್ ಸಿಮನ್ಸ್ ಮತ್ತು ಎಲಿನಾ ಇಕೊನೆನ್ ಪ್ರತಿಪಾದಿಸಿದರು. ಸೂಕ್ಷ್ಮದರ್ಶಕದಲ್ಲಿ ತೆಪ್ಪ ಯಾರಿಗೂ ಕಾಣಲಿಲ್ಲ, ಅಷ್ಟು ಸಣ್ಣದು. ಆಗ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ ಸತ್ಯಜಿತ್ ಮೇಯರ್ ಮತ್ತು ರಜತ್ ವರ್ಮಾ ಒಂದು ಜಾಣ ಉಪಾಯ ಹೂಡಿದರು. ಹೊಳೆಯುವ ಎರಡು ಅಣುಗಳು ಕೆಲವೇ ನ್ಯಾನೋಮೀಟರ್ ಹತ್ತಿರವಿದ್ದರೆ ಒಂದರ ಬೆಳಕಿನ ಶಕ್ತಿ ಇನ್ನೊಂದಕ್ಕೆ ದಾಟುತ್ತದೆ. ದಾಟಿತೇ ಇಲ್ಲವೇ ಎಂದು ಬೆಳಕಿನ ಗುಣದಿಂದ ತಿಳಿಯಬಹುದು. ಪೊರೆಯ ಹೊರಮೈಗೆ ತೂಗುಬಿದ್ದ ಕೆಲವು ಪ್ರೋಟೀನುಗಳಿಗೆ ಹೊಳಪು ಅಂಟಿಸಿ ನೋಡಿದಾಗ ಅವು ಗುಂಪುಗೂಡಿದ್ದವು. ಪೊರೆಯಿಂದ ಕೊಲೆಸ್ಟ್ರಾಲ್ ತೆಗೆದಾಗ ಗುಂಪು ಚದುರಿತು. 1998ರಲ್ಲಿ ಇದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದಿನ ವರ್ಷಗಳಲ್ಲಿ ಅದೇ ತಂಡ, ಭೌತವಿಜ್ಞಾನಿ ಮದನ್ ರಾವ್ ಜೊತೆಗೂಡಿ, ಈ ಗುಂಪುಗಳು ನಾಲ್ಕಾರು ಅಣುಗಳಷ್ಟು ಪುಟ್ಟವು, ತಾವಾಗಿಯೇ ತೇಲಿ ಸೇರಿದವಲ್ಲ, ಪೊರೆಯ ಕೆಳಗಿರುವ ಆಕ್ಟಿನ್ ಎಳೆಗಳು ಶಕ್ತಿ ವ್ಯಯಿಸಿ ಎಳೆದು ಕಟ್ಟುವಂಥವು ಎಂದು ತೋರಿಸಿತು. ತೆಪ್ಪ ಎಂಬ ಹೋಲಿಕೆಯ ಬಗ್ಗೆ ಇವತ್ತಿಗೂ ವಾದವಿದೆ. ಗುಂಪುಗಳಿಗೆ ಕೊಲೆಸ್ಟ್ರಾಲ್ ಬೇಕು ಎನ್ನುವುದು ಮಾತ್ರ ನಿಂತಿದೆ.

ಇನ್ನು ಸಾಗಣೆ.

ಪ್ಲಾಸ್ಮಾದಲ್ಲಿ ಲೀಟರಿಗೆ 2 ಗ್ರಾಂ ಕೊಲೆಸ್ಟ್ರಾಲ್ ಇರುತ್ತದೆ ಎಂದಾಯಿತು. ನೀರಿನಲ್ಲಿ ಕರಗಬಹುದಾದದ್ದಕ್ಕಿಂತ ಇದು ಸಾವಿರ ಪಟ್ಟು ಹೆಚ್ಚು. ಕರಗದ್ದನ್ನು ಹರಿಯುವ ನೀರಿನಲ್ಲಿ ಒಯ್ಯಬೇಕಾದರೆ ದೋಣಿ ಬೇಕು. ಲಿಪೊಪ್ರೋಟೀನ್ ಎನ್ನುವುದು ಆ ದೋಣಿ. ಅದರ ಹೊರಮೈ ಅರ್ಧ ಕೋಶಪೊರೆಯ ಹಾಗೆ: ತಲೆಗಳನ್ನು ನೀರಿಗೆ ತೋರಿಸಿದ ಫಾಸ್ಫೋಲಿಪಿಡ್‌ಗಳ ಒಂದೇ ಪದರ, ನಡುನಡುವೆ ಕೊಲೆಸ್ಟ್ರಾಲ್. ಮೈ ಸುತ್ತ ಕಟ್ಟಿದ ಪ್ರೋಟೀನ್. ಒಳಗೆ ನೀರು ಸೋಕದ ಹೊಟ್ಟೆ. ಅಲ್ಲಿ ಎರಡು ಸರಕು: ಶಕ್ತಿಗಾಗಿ ಒಯ್ಯುವ ಟ್ರೈಗ್ಲಿಸರೈಡ್ ಕೊಬ್ಬು ಮತ್ತು ಕೊಬ್ಬಿನಾಮ್ಲ ಅಂಟಿಸಿಕೊಂಡ ಕೊಲೆಸ್ಟ್ರಾಲ್ ಎಸ್ಟರ್. ನೀರಿನ ಜೊತೆಗಿದ್ದ ಆ ಒಂದು ತುದಿಯ ಸಂಬಂಧವನ್ನೂ ಕಡಿದುಹಾಕಿ ಪೂರ್ತಿ ಕೊಬ್ಬಾಗಿಸಿದ ರೂಪ ಅದು.

ಊಟದ ಕೊಬ್ಬನ್ನು ತರುವ ದೋಣಿಗಳೇ ಅತಿ ದೊಡ್ಡವು. ಕೈಲೋಮೈಕ್ರಾನ್ ಎಂದು ಹೆಸರು. ಕರುಳು ಅವುಗಳನ್ನು ನೇರವಾಗಿ ರಕ್ತಕ್ಕೆ ಬಿಡುವುದಿಲ್ಲ, ದುಗ್ಧನಾಳಗಳಿಗೆ ಬಿಡುತ್ತದೆ. 1622ರಲ್ಲಿ ಇಟಲಿಯ ಗಾಸ್ಪರೆ ಅಸೆಲ್ಲಿ ಹೊಟ್ಟೆ ತುಂಬ ತಿಂದಿದ್ದ ನಾಯಿಯೊಂದನ್ನು ಕೊಯ್ದು ನೋಡುವಾಗ ಕರುಳಿನ ಪೊರೆಯಲ್ಲಿ ಬಿಳಿಯ ದಾರಗಳು ಕಂಡವು. ನರವೆಂದುಕೊಂಡು ಒಂದನ್ನು ಕತ್ತರಿಸಿದರೆ ಹಾಲಿನಂಥ ದ್ರವ ಜಿನುಗಿತು. ಕನ್ನಡದಲ್ಲಿ ನಾವು ದುಗ್ಧರಸ ಎನ್ನುವುದು ಇಲ್ಲಿ ಅಕ್ಷರಶಃ ಸರಿ. ಆ ಹಾಲು ಎದೆಯ ಮೂಲಕ ಮೇಲೇರಿ ಎಡಭಾಗದ ಕತ್ತಿನ ಬುಡದಲ್ಲಿ ಸಿರೆಗೆ ಸೇರುತ್ತದೆ. ಸ್ನಾಯು ಮತ್ತು ಕೊಬ್ಬಿನ ಅಂಗಾಂಶಗಳು ಟ್ರೈಗ್ಲಿಸರೈಡ್ ಇಳಿಸಿಕೊಂಡ ಮೇಲೆ ಬರಿದಾದ ದೋಣಿಯನ್ನು ಯಕೃತ್ತು ಎಳೆದುಕೊಳ್ಳುತ್ತದೆ.

ಯಕೃತ್ತು ತನ್ನದೇ ದೋಣಿಗಳನ್ನೂ ಕಟ್ಟಿ ಬಿಡುತ್ತದೆ: ವಿಎಲ್‌ಡಿಎಲ್, ಅಂದರೆ ಅತಿ ಕಡಿಮೆ ಸಾಂದ್ರತೆಯದು. ದಾರಿಯಲ್ಲಿ ಟ್ರೈಗ್ಲಿಸರೈಡ್ ಖಾಲಿಯಾಗುತ್ತ ಅದು ಕುಗ್ಗುತ್ತದೆ, ಕೊಲೆಸ್ಟ್ರಾಲ್ ಪಾಲು ಹೆಚ್ಚುತ್ತದೆ, ಕೊನೆಗೆ ಎಲ್‌ಡಿಎಲ್ ಆಗುತ್ತದೆ. ಒಂದು ಎಲ್‌ಡಿಎಲ್ ಕಣದ ಅಡ್ಡಳತೆ ಸುಮಾರು 22 ನ್ಯಾನೋಮೀಟರ್. ಒಂದು ಕೆಂಪು ರಕ್ತಕಣದ ಅಗಲಕ್ಕೆ ಸಾಲಾಗಿ ಜೋಡಿಸಲು ಮುನ್ನೂರಕ್ಕೂ ಹೆಚ್ಚು ಬೇಕು. ಅಷ್ಟು ಸಣ್ಣದರಲ್ಲಿ ಸುಮಾರು ಎರಡು ಸಾವಿರ ಕೊಲೆಸ್ಟ್ರಾಲ್ ಅಣುಗಳು. ಮೈಗೆ ಸುತ್ತಿಕೊಂಡಿರುವುದು ಒಂದೇ ಒಂದು ಪ್ರೋಟೀನ್, ಎಪೊ-ಬಿ. 4,536 ಅಮೈನೋ ಆಮ್ಲಗಳ ಉದ್ದದ ಆ ಎಳೆ ದೋಣಿಯ ಹುಟ್ಟಿನಿಂದ ಕೊನೆಯವರೆಗೂ ಬಿಚ್ಚಿಕೊಳ್ಳುವುದಿಲ್ಲ. ಎರಡು ಮೂರು ದಿನ ಈ ಕಣ ರಕ್ತದಲ್ಲಿ ಅಲೆಯುತ್ತದೆ. ಕೈಲೋಮೈಕ್ರಾನ್ ಅಲೆಯುವುದು ನಿಮಿಷಗಳ ಲೆಕ್ಕದಲ್ಲಿ. ಈ ವ್ಯತ್ಯಾಸವನ್ನು ನೆನಪಿಡಿ.

ಇದೆಲ್ಲ ಕಣ್ಣಿಗೆ ಕಾಣುವ ಒಂದು ಹಳೆಯ ಪರೀಕ್ಷೆ ಇದೆ. ಪ್ಲಾಸ್ಮಾವನ್ನು ಗಾಜಿನ ನಳಿಕೆಯಲ್ಲಿ ಹಾಕಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿ ನಿಲ್ಲಿಸುವುದು. ಕೈಲೋಮೈಕ್ರಾನ್ ಉಳಿದುಕೊಂಡಿದ್ದರೆ ಬೆಳಿಗ್ಗೆ ಮೇಲುಗಡೆ ಹಾಲಿನ ಕೆನೆಯಂತೆ ದಪ್ಪ ಬಿಳಿ ಪದರ ಕಟ್ಟಿರುತ್ತದೆ. ವಿಎಲ್‌ಡಿಎಲ್ ಹೆಚ್ಚಿದ್ದರೆ ನಳಿಕೆಯೆಲ್ಲ ಮಜ್ಜಿಗೆ ನೀರಿನ ಹಾಗೆ ಮಬ್ಬು. ಎಲ್‌ಡಿಎಲ್ ಒಂದೇ ಹೆಚ್ಚಿದ್ದರೆ? ನಳಿಕೆ ತಿಳಿಯಾಗಿ, ಹೊಂಬಣ್ಣದಲ್ಲಿ, ಆರೋಗ್ಯವಂತರ ಪ್ಲಾಸ್ಮಾದಂತೆಯೇ ಇರುತ್ತದೆ. ಬೆಳಕನ್ನು ಚದುರಿಸಲಾರದಷ್ಟು ಸಣ್ಣ ಕಣ ಅದು. ಕೆನೆ ಕಂಡು ನಾವು ಗಾಬರಿಯಾಗುತ್ತೇವೆ. ರಕ್ತನಾಳದ ಗೋಡೆಯೊಳಕ್ಕೆ ನುಸುಳಿ ದಶಕಗಟ್ಟಲೆ ಕೂತು ಕೆಡಿಸುವುದರಲ್ಲಿ ಮುಂದಿರುವುದು ದಿನಗಟ್ಟಲೆ ಅಲೆಯುವ, ಕಾಣದ ಆ ಕಣ. ಅಲ್ಲಿ ಅದು ಗೋಡೆಯ ನಾರಿಗೆ ಸಿಕ್ಕಿಕೊಳ್ಳುತ್ತದೆ. ಬಿಳಿ ರಕ್ತಕಣಗಳು ಬಂದು ನುಂಗುತ್ತವೆ, ನುಂಗಿ ನುಂಗಿ ನೊರೆ ತುಂಬಿದಂತಾಗುತ್ತವೆ, ಸಾಯುತ್ತವೆ. ಕೊಲೆಸ್ಟ್ರಾಲ್ ಅಲ್ಲೇ ಹರಳಾಗುತ್ತದೆ. ಪಿತ್ತಕೋಶದಲ್ಲಿ ಕಂಡ ಅದೇ ಹರಳು. 1913ರಲ್ಲೇ ಸೇಂಟ್ ಪೀಟರ್ಸ್‌ಬರ್ಗಿನ ನಿಕೊಲಾಯ್ ಅನಿಚ್‌ಕೊವ್ ಸೂರ್ಯಕಾಂತಿ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಕರಗಿಸಿ ಮೊಲಗಳಿಗೆ ತಿನ್ನಿಸಿ ಈ ನೊರೆಕಣಗಳನ್ನು ಕಂಡಿದ್ದರು.

ಅಲೆಯುವ ಎಲ್‌ಡಿಎಲ್‌ ರಕ್ತದಿಂದ ಹೊರಬೀಳುವುದು ಹೇಗೆಂದು ತಿಳಿದದ್ದು ಅಪರೂಪದ ಕೆಲವು ಮಕ್ಕಳಿಂದ. ಎರಡು ಮೂರು ಲಕ್ಷಕ್ಕೆ ಒಬ್ಬರಂತೆ ಹುಟ್ಟುವ ಇವರ ರಕ್ತದಲ್ಲಿ ಎಲ್‌ಡಿಎಲ್ ಹುಟ್ಟಿನಿಂದಲೇ ಆರೆಂಟು ಪಟ್ಟು ಹೆಚ್ಚು. ಮೊಣಕೈ, ಮಂಡಿಗಳ ಮೇಲೆ ಹಳದಿ ಗಂಟುಗಳು. ಹತ್ತು ಹನ್ನೆರಡು ವರ್ಷಕ್ಕೇ ಹೃದಯಾಘಾತ. 1970ರ ದಶಕದ ಆರಂಭದಲ್ಲಿ ಅಮೆರಿಕದ ಡಲ್ಲಾಸಿನಲ್ಲಿ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಎಂಬ ಇಬ್ಬರು ವೈದ್ಯರು ಇಂಥ ರೋಗಿಗಳ ಚರ್ಮದ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದರು. ಆರೋಗ್ಯವಂತ ಕೋಶಗಳಿಗೆ ಎಲ್‌ಡಿಎಲ್ ಕೊಟ್ಟರೆ ಅವು ಸ್ವಂತ ತಯಾರಿಕೆ ನಿಲ್ಲಿಸುತ್ತಿದ್ದವು. ರೋಗಿಗಳ ಕೋಶಗಳು ಎಷ್ಟು ಎಲ್‌ಡಿಎಲ್ ಸುರಿದರೂ ತಯಾರಿಸುತ್ತಲೇ ಇದ್ದವು. ಹೊರಗೆ ರಾಶಿ ಬಿದ್ದಿರುವುದು ಅವಕ್ಕೆ ಗೊತ್ತೇ ಆಗುತ್ತಿರಲಿಲ್ಲ. ಕಾರಣ, ಎಲ್‌ಡಿಎಲ್ ಹಿಡಿದು ಒಳಗೆ ಎಳೆದುಕೊಳ್ಳುವ ಗ್ರಾಹಕ ಪ್ರೋಟೀನ್ ಅವುಗಳ ಮೇಲ್ಮೈಯಲ್ಲಿ ಇರಲಿಲ್ಲ.

ಈ ಗ್ರಾಹಕದ ದುಡಿಮೆ ನೆನೆದರೆ ಬೆರಗಾಗುತ್ತದೆ. ಕೋಶದ ಮೈಮೇಲಿನ ಪುಟ್ಟ ಗುಳಿಯಲ್ಲಿ ನಿಂತು ಎಪೊ-ಬಿಯನ್ನು ಹಿಡಿಯುತ್ತದೆ. ಗುಳಿ ಒಳಕ್ಕೆ ಮಡಚಿ ಚೀಲವಾಗುತ್ತದೆ. ಚೀಲದೊಳಗಿನ ಹುಳಿಗೆ ಕಣವನ್ನು ಬಿಟ್ಟು ಗ್ರಾಹಕ ಮತ್ತೆ ಮೇಲೆ ಬರುತ್ತದೆ. ಒಂದು ಸುತ್ತಿಗೆ ಹತ್ತು ನಿಮಿಷ. ತನ್ನ ಇಪ್ಪತ್ತು ಗಂಟೆಗಳ ಆಯುಸ್ಸಿನಲ್ಲಿ ಹೀಗೆ ನೂರಕ್ಕೂ ಹೆಚ್ಚು ಸಲ ಹೋಗಿ ಬರುತ್ತದೆ. ಒಳಗೆ ಬಂದ ಕೊಲೆಸ್ಟ್ರಾಲ್ ಬಿಡುಗಡೆಯಾಗಿ ಹೊರಪೊರೆಗೆ ಸೇರುತ್ತದೆ, ಮಿಗತೆಯಾದದ್ದು ಒಳಪೊರೆಗೂ ತಲುಪುತ್ತದೆ. ಅಲ್ಲಿದೆ ಕಾವಲುಗಾರ. ಹೊರಪೊರೆಯ ಕೊಬ್ಬಿನ ಅಣುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಕೊಲೆಸ್ಟ್ರಾಲ್ ಇರಬಹುದು, ಆದರೆ ಎಂಡೊಪ್ಲಾಸ್ಮಿಕ್ ಜಾಲವೆಂಬ ಒಳಪೊರೆಯಲ್ಲಿ ಅದು ಶೇಕಡಾ 5ರ ಆಸುಪಾಸಿನಲ್ಲಿರಬೇಕು. ಅದಕ್ಕಿಂತ ಇಳಿದರೆ ಅಲ್ಲಿ ಕಟ್ಟಿಹಾಕಿದ್ದ ಪ್ರೋಟೀನೊಂದು ಬಿಡಿಸಿಕೊಂಡು ಹೊರಟು, ಬೇಕಾದ ತುಂಡಷ್ಟೇ ಕತ್ತರಿಸಿಕೊಂಡು, ಕೋಶಕೇಂದ್ರಕ್ಕೆ ಹೋಗಿ ಎರಡು ಆಜ್ಞೆ ಕೊಡುತ್ತದೆ: ಕೊಲೆಸ್ಟ್ರಾಲ್ ತಯಾರಿಸಿ, ಗ್ರಾಹಕಗಳನ್ನೂ ಹೆಚ್ಚಿಸಿ. 5ನ್ನು ಮೀರಿದರೆ ಎರಡೂ ನಿಲ್ಲುತ್ತವೆ. ಬ್ರೌನ್ ಮತ್ತು ಗೋಲ್ಡ್‌ಸ್ಟೀನ್‌ಗೆ 1985ರಲ್ಲಿ ನೊಬೆಲ್ ಬಂತು.

ದೇಹದ ಈ ಗ್ರಾಹಕಗಳಲ್ಲಿ ಹೆಚ್ಚಿನವು ಯಕೃತ್ತಿನಲ್ಲಿವೆ. 1984ರ ಫೆಬ್ರುವರಿಯಲ್ಲಿ ಪಿಟ್ಸ್‌ಬರ್ಗಿನಲ್ಲಿ ಈ ರೋಗದ ಆರು ವರ್ಷದ ಹುಡುಗಿಗೆ ಕೆಟ್ಟ ಹೃದಯದ ಜೊತೆಗೆ, ಬೇರೆಲ್ಲ ಕೆಲಸವನ್ನೂ ಸರಿಯಾಗಿಯೇ ಮಾಡುತ್ತಿದ್ದ ಯಕೃತ್ತನ್ನೂ ಬದಲಿಸಿದರು. ಹೊಸ ಯಕೃತ್ತಿನ ಗ್ರಾಹಕಗಳು ಕೆಲಸ ಹಿಡಿದದ್ದೇ ಎಲ್‌ಡಿಎಲ್ ಐದರಲ್ಲೊಂದು ಪಾಲಿಗೆ ಇಳಿಯಿತು. ಮಗು ಮತ್ತೆ ಆರು ವರ್ಷಕ್ಕೂ ಹೆಚ್ಚು ಕಾಲ ಬದುಕಿತು.

ಸ್ಟಾಟಿನ್ ಮಾತ್ರೆ ಕೆಲಸ ಮಾಡುವುದೂ ಈ ದಾರಿಯಲ್ಲೇ. ಜಪಾನಿನ ಅಕಿರಾ ಎಂಡೊ ಸುಮಾರು ಆರು ಸಾವಿರ ಬೂಷ್ಟುಗಳನ್ನು ಶೋಧಿಸಿ, ಕ್ಯೋಟೋದ ಧಾನ್ಯದಂಗಡಿಯ ಅಕ್ಕಿಯ ಮೇಲೆ ಬೆಳೆದ ಪೆನಿಸಿಲಿಯಂ ಒಂದರಲ್ಲಿ 1973ರಲ್ಲಿ ಮೊದಲ ಸ್ಟಾಟಿನ್ ಕಂಡುಹಿಡಿದರು. ಅದು ಕೊಲೆಸ್ಟ್ರಾಲ್ ತಯಾರಿಸುವ ಕಿಣ್ವವನ್ನು ತಡೆಯುತ್ತದೆ ಎಂದಷ್ಟೇ ಹೇಳಿ ನಿಲ್ಲಿಸುವುದು ರೂಢಿ. ಮುಖ್ಯವಾದದ್ದು ಆಮೇಲಿದೆ: ತಯಾರಿಕೆ ನಿಂತ ಯಕೃತ್ತಿನ ಕೋಶ ಕೊರತೆಯನ್ನು ಅರಿತು ಹೆಚ್ಚು ಗ್ರಾಹಕಗಳನ್ನು ಮೇಲೆ ಕಳಿಸುತ್ತದೆ, ಅವು ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುತ್ತವೆ. ತುಪ್ಪ, ಬೆಣ್ಣೆ, ಕೊಬ್ಬರಿ ಎಣ್ಣೆಗಳ ಸ್ಯಾಚುರೇಟೆಡ್ ಕೊಬ್ಬು ಇದಕ್ಕೆ ವಿರುದ್ಧ. ಗ್ರಾಹಕಗಳ ಚಟುವಟಿಕೆಯನ್ನು ಅದು ತಗ್ಗಿಸುತ್ತದೆ.

ಎಚ್‌ಡಿಎಲ್ ಬಗ್ಗೆ ಒಂದು ಮಾತು. ಇದು ಅತಿ ಚಿಕ್ಕ ದೋಣಿ, ಕೋಶಗಳಲ್ಲಿ ಹೆಚ್ಚಾದ ಕೊಲೆಸ್ಟ್ರಾಲನ್ನು ಹತ್ತಿಸಿಕೊಂಡು ಯಕೃತ್ತಿಗೆ ಮರಳಿಸುತ್ತದೆ. ಅಲ್ಲಿಂದ ಪಿತ್ತದ ಮೂಲಕ ಹೊರಗೆ. ನಾಲ್ಕು ಉಂಗುರಗಳನ್ನು ಒಡೆಯುವ ಶಕ್ತಿ ನಮ್ಮ ದೇಹಕ್ಕೆ ಇಲ್ಲದ್ದರಿಂದ ಹೊರಹಾಕುವುದೊಂದೇ ದಾರಿ. ಅಮೆರಿಕದ ಟ್ಯಾಂಜಿಯರ್ ದ್ವೀಪದ ಒಂದು ಮಗುವಿನ ಗಂಟಲಿನ ಗ್ರಂಥಿಗಳು ಕಿತ್ತಳೆ ಬಣ್ಣಕ್ಕೆ ತಿರುಗಿ ಊದಿದ್ದು, ರಕ್ತದಲ್ಲಿ ಎಚ್‌ಡಿಎಲ್ ಇಲ್ಲವೆನ್ನುವಷ್ಟು ಕಡಿಮೆ ಇದ್ದದ್ದು 1960ರ ಸುಮಾರಿಗೆ ಕಂಡುಬಂತು. ಕೋಶದಿಂದ ದೋಣಿಗೆ ಸರಕು ಏರಿಸುವ ಪ್ರೋಟೀನ್ ಆ ಮಗುವಿನಲ್ಲಿ ಕೆಟ್ಟಿತ್ತು ಎಂದು 1999ರಲ್ಲಿ ತಿಳಿಯಿತು. ಹಾಗೆಂದು ಎಚ್‌ಡಿಎಲ್ ಏರಿಸಿದರೆ ಸಾಕೇ? 2006ರಲ್ಲಿ ಟಾರ್ಸೆಟ್ರಾಪಿಬ್ ಎಂಬ ಔಷಧವನ್ನು 15 ಸಾವಿರ ಜನರ ಮೇಲೆ ಪರೀಕ್ಷಿಸುವಾಗ ಎಚ್‌ಡಿಎಲ್ ಶೇಕಡಾ 70ಕ್ಕೂ ಹೆಚ್ಚು ಏರಿತು, ಸಾವುಗಳೂ ಏರಿದವು. ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. ಔಷಧ ರಕ್ತದೊತ್ತಡವನ್ನೂ ಏರಿಸುತ್ತಿತ್ತು ಎನ್ನುವುದು ನಿಜ. ಆದರೂ ಒಳ್ಳೆಯ ಕೊಲೆಸ್ಟ್ರಾಲ್, ಕೆಟ್ಟ ಕೊಲೆಸ್ಟ್ರಾಲ್ ಎಂಬ ಮಾತುಗಳನ್ನು ಬಿಟ್ಟುಬಿಡುವುದೇ ಸರಿ ಎಂದು ನನಗನ್ನಿಸುತ್ತದೆ. ಎರಡು ದೋಣಿಗಳಲ್ಲೂ ಇರುವ ಅಣು ಒಂದೇ.

ವರದಿ ಓದುವಾಗ ಎಲ್‌ಡಿಎಲ್ ಸಾಲನ್ನು ಮೊದಲು ನೋಡಿ. ಅನೇಕ ಕಡೆ ಅದನ್ನು ನೇರವಾಗಿ ಅಳೆಯದೆ, 1972ರ ಫ್ರೀಡ್‌ವಾಲ್ಡ್ ಸೂತ್ರದಿಂದ ಲೆಕ್ಕ ಹಾಕುತ್ತಾರೆ: ಒಟ್ಟು 212, ಎಚ್‌ಡಿಎಲ್ 42, ಟ್ರೈಗ್ಲಿಸರೈಡ್ 150 ಎಂದಿದ್ದರೆ, 212ರಿಂದ 42ನ್ನೂ 150ರ ಐದನೇ ಒಂದು ಭಾಗವಾದ 30ನ್ನೂ ಕಳೆದು 140. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಡೆಯುವುದಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ಗ್ರಾಹಕದ ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟವರು ಎರಡು ಮೂರು ಲಕ್ಷಕ್ಕೆ ಒಬ್ಬರಾದರೆ, ಒಂದು ಪ್ರತಿ ಕೆಟ್ಟವರು ಸುಮಾರು 250ಕ್ಕೆ ಒಬ್ಬರು. ತೆಳ್ಳಗಿರಬಹುದು, ಹುಟ್ಟಾ ಸಸ್ಯಾಹಾರಿಗಳಿರಬಹುದು, ದಿನಾ ನಡೆಯುವವರಿರಬಹುದು. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ದಪ್ಪಗಾಗಿರುವುದು, ಬೆರಳ ಗೆಣ್ಣುಗಳ ಮೇಲಿನ ಹಳದಿ ಗಂಟು, ಚಿಕ್ಕ ವಯಸ್ಸಿಗೇ ಕಣ್ಣಿನ ಕರಿಗುಡ್ಡೆಯ ಅಂಚಿನ ಸುತ್ತ ಬೂದುಬಣ್ಣದ ಬಳೆ ಇದರ ಗುರುತುಗಳು; ಎಷ್ಟೋ ಜನರಲ್ಲಿ ಅವೂ ಕಾಣುವುದಿಲ್ಲ. ಎಲ್‌ಡಿಎಲ್ 190ನ್ನು ಮೀರಿದ್ದರೆ ವೈದ್ಯರನ್ನು ಕೇಳಿ. ನಿಮ್ಮ ಮನೆತನದಲ್ಲಿ ಯಾರಿಗಾದರೂ ಐವತ್ತರೊಳಗೆ ಹೃದಯಾಘಾತವಾಗಿದ್ದರೆ ಅವರ ಒಡಹುಟ್ಟಿದವರ, ಮಕ್ಕಳ ರಕ್ತವನ್ನು ಒಮ್ಮೆ ಪರೀಕ್ಷೆ ಮಾಡಿಸಿ. ಒಂದು ಪ್ರತಿ ಕೆಟ್ಟವರ ಮಕ್ಕಳಿಗೆ ಇದು ಬರುವ ಸಾಧ್ಯತೆ ಎರಡರಲ್ಲಿ ಒಂದು, ಮತ್ತು ಇದಕ್ಕೆ ಚಿಕಿತ್ಸೆ ಇದೆ.